‘ಪುಟ್ಟಿಂಗ್ ಔಟ್’ ಪದ್ಧತಿಗೆ ಕನ್ನಡದಲ್ಲಿ ಏನನ್ನೋಣ? ‘ಗುಡಿ ಕೈಗಾರಿಕೆ’ ಸಾಲದು

ಎಲ್ಲರಿಗೂ ನಮಸ್ಕಾರ.

ಯುರೋಪಿನ 16ರಿಂದ 18ನೇ ಶತಮಾನದ ಹಳ್ಳಿ ಕಸುಬುಗಳ ಬಗ್ಗೆ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪದವಿ ತರಗತಿಯವರು ಓದುವಂಥದ್ದು. ಅದರಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಮಾತು ‘ಪುಟ್ಟಿಂಗ್ ಔಟ್ ಸಿಸ್ಟಮ್’, ಅಂದರೆ ವ್ಯಾಪಾರಿ ಕಚ್ಚಾಮಾಲು ಕೊಟ್ಟು ಹಳ್ಳಿಯವರಿಂದ ಅವರ ಮನೆಯಲ್ಲೇ ಕೂಲಿಗೆ ಕೆಲಸ ಮಾಡಿಸುವ ಏರ್ಪಾಟು. ಇದಕ್ಕೆ ‘ಗುಡಿ ಕೈಗಾರಿಕೆ’ ಅಂತಲೋ ‘ಗೃಹ ಕೈಗಾರಿಕೆ’ ಅಂತಲೋ ಬರೆದು ಮುಂದೆ ಹೋಗಿಬಿಡಬಹುದು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಯಾಕೆ ಅಂತ ಮೊದಲು ಹೇಳಿ ಆಮೇಲೆ ಕೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಸಂಗತಿ ಏನು ಅಂತ ತಿಳಿಯದೆ ಸುಮ್ನೆ ಪದ ಹುಡುಕಿ ಏನು ಪ್ರಯೋಜನ, ಅಲ್ವಾ?

‘ಗುಡಿ ಕೈಗಾರಿಕೆ’ ಅಂದರೆ ಕೆಲಸ ಎಲ್ಲಿ ನಡೆಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಜೊತೆಗೆ ಖಾದಿ, ಚರಕ, ಸ್ವಾವಲಂಬನೆ ಎಲ್ಲವೂ ನೆನಪಿಗೆ ಬರುತ್ತವೆ. ‘ಗೃಹ ಕೈಗಾರಿಕೆ’ ಅಂದರೆ ಈಗಿನ ಓದುಗರ ಕಣ್ಣಿಗೆ ಕಾಣುವುದು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಎರಡರಲ್ಲೂ ಮಾಡುವವರೇ ಒಡೆಯರು ಎಂಬ ಭಾವ ಇದೆ. ‘ಪುಟ್ಟಿಂಗ್ ಔಟ್’ನಲ್ಲಿ ನಡೆಯುತ್ತಿದ್ದದ್ದು ಇದರ ತಿರುವುಮುರುವು. ಉಣ್ಣೆ ಸಾಹುಕಾರನದು, ನೂಲು ಸಾಹುಕಾರನದು, ಕೊನೆಗೆ ಬಟ್ಟೆಯೂ ಅವನದೇ. ನೇಯುವವನ ಪಾಲಿಗೆ ಉಳಿಯುವುದು ಕೂಲಿ.

ಇಂಗ್ಲೆಂಡಿನ ಪಶ್ಚಿಮದ ವಿಲ್ಟ್‌ಷೈರ್, ಗ್ಲಾಸ್ಟರ್‌ಷೈರ್ ಕಡೆ ಇದು ಹೇಗೆ ನಡೆಯುತ್ತಿತ್ತು ನೋಡಿ. ಅಲ್ಲಿ ‘ಕ್ಲೋದಿಯರ್’ ಅನ್ನಿಸಿಕೊಳ್ಳುವ ವ್ಯಾಪಾರಿ ಉಣ್ಣೆ ಕೊಳ್ಳುತ್ತಾನೆ. ಅದನ್ನು ವಿಂಗಡಿಸಿ, ಎಣ್ಣೆ ಹಚ್ಚಿಸಿ, ಸುತ್ತಲ ಹಳ್ಳಿಗಳ ಹೆಂಗಸರಿಗೆ ನೂಲಲು ಕೊಡುತ್ತಾನೆ. ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವು ರಾಟೆಗಳು ತಿರುಗಬೇಕು. ಹಾಗಾಗಿ ಅವನ ಆಳುಗಳು ಮೈಲಿಗಟ್ಟಲೆ ದೂರದ ಊರುಗಳಿಗೂ ಉಣ್ಣೆ ಹೊತ್ತು ಹೋಗುತ್ತಾರೆ. ನೂಲು ವಾಪಸು ಬಂದ ಮೇಲೆ ತೂಕ ಹಾಕಿ ನೇಕಾರನ ಮನೆಗೆ ಕಳಿಸುತ್ತಾನೆ. ಅಗಲ ಪನ್ನದ ಬಟ್ಟೆಯಾದರೆ ಮಗ್ಗದಲ್ಲಿ ಇಬ್ಬರು ಕೂರಬೇಕು, ಲಾಳಿಯನ್ನು ಒಬ್ಬರಿಂದೊಬ್ಬರಿಗೆ ಎಸೆಯಬೇಕು. 1733ರಲ್ಲಿ ಜಾನ್ ಕೇ ಹಾರುವ ಲಾಳಿಗೆ ಪೇಟೆಂಟ್ ಪಡೆದ ಮೇಲೆ ಈ ಎರಡನೆಯ ಆಳಿನ ಅಗತ್ಯ ತಪ್ಪಿತು. ನೇಯ್ದ ಬಟ್ಟೆ ಅಲ್ಲಿಂದ ಹೊಳೆದಂಡೆಯ ಗಿರಣಿಗೆ ಹೋಗುತ್ತದೆ. ಅಲ್ಲಿ ನೀರಿನ ಬಲದಿಂದ ಏಳುವ ಬೀಳುವ ಕೊಡತಿಗಳು ಅದನ್ನು ಕುಟ್ಟಿ ಕುಟ್ಟಿ ಬಿಗಿ ಮಾಡುತ್ತವೆ. ಕೊನೆಗೆ ಲಂಡನ್ನಿನ ಬ್ಲ್ಯಾಕ್‌ವೆಲ್ ಹಾಲ್ ಎಂಬ ಬಟ್ಟೆ ಪೇಟೆ. ಇಷ್ಟು ಮನೆ ಸುತ್ತಿದರೂ ಸರಕು ಒಮ್ಮೆಯೂ ಕೈ ಬದಲಾಯಿಸಿಲ್ಲ. ಹತ್ತಾರು ಕೈಗಳು ಅದನ್ನು ಮುಟ್ಟಿವೆ, ಒಡೆಯ ಮಾತ್ರ ಒಬ್ಬನೇ.

ಈಗ ಅದೇ ದೇಶದ ಉತ್ತರಕ್ಕೆ, ಯಾರ್ಕ್‌ಷೈರಿನ ಪಶ್ಚಿಮ ಭಾಗಕ್ಕೆ ಬನ್ನಿ. ಅಲ್ಲಿನ ನೇಕಾರನಿಗೂ ಕ್ಲೋದಿಯರ್ ಅಂತಲೇ ಹೆಸರು. ಆದರೆ ಅವನು ಸಣ್ಣ ಕುಳ. ಒಂದಿಷ್ಟು ಜಮೀನು, ಒಂದೆರಡು ಹಸು, ಒಂದು ಕುದುರೆ. ಪೇಟೆಯಲ್ಲಿ ತಾನೇ ಉಣ್ಣೆ ಕೊಂಡು, ಮನೆಯವರ ಜೊತೆ ಸೇರಿ ನೂಲಿ ನೇಯ್ದು, ತಾನೇ ಬಟ್ಟೆ ಹೊತ್ತು ಸಂತೆಗೆ ಹೋಗುತ್ತಾನೆ. 1720ರ ದಶಕದಲ್ಲಿ ತನ್ನ ಪ್ರವಾಸ ಕಥನ ಅಚ್ಚು ಹಾಕಿಸಿದ ಡೇನಿಯಲ್ ಡೆಫೊ ಹ್ಯಾಲಿಫ್ಯಾಕ್ಸ್ ಬೆಟ್ಟಗಳಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯ ಮುಂದೆಯೂ ಹಿಗ್ಗಿಸಿ ಒಣಹಾಕಿದ ಬಟ್ಟೆ ಕಂಡ. ನಾಲ್ಕು ವರ್ಷ ದಾಟಿದ ಮಕ್ಕಳ ಕೈಗೂ ಅಲ್ಲಿ ಹೊಟ್ಟೆ ಹೊರೆಯುವಷ್ಟು ಕೆಲಸ ಇದೆ ಅಂತ ಮೆಚ್ಚಿ ಬರೆದಿದ್ದಾನೆ. ಮೆಚ್ಚುವಂಥ ವಿಷಯವೇ ಅನ್ನುವುದು ಬೇರೆ ಮಾತು. ಲೀಡ್ಸ್ ಪೇಟೆಯ ಚಿತ್ರ ಇನ್ನೂ ಚೆನ್ನಾಗಿದೆ. ಬೀದಿಯುದ್ದಕ್ಕೂ ಹಲಗೆ ಜೋಡಿಸಿರುತ್ತಾರೆ. ಗಂಟೆ ಬಾರಿಸಿದ ಕೂಡಲೇ ಬಟ್ಟೆ ಬಂದು ಕೂರುತ್ತದೆ. ವ್ಯಾಪಾರಿಗಳು ನಡುವೆ ಓಡಾಡುತ್ತಾ ಪಕ್ಕದವನಿಗೆ ಕೇಳದ ಹಾಗೆ ಕಿವಿಯಲ್ಲಿ ಬೆಲೆ ಹೇಳುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. 1779ರಲ್ಲಿ ಹ್ಯಾಲಿಫ್ಯಾಕ್ಸ್‌ನವರು ಇಂಥ ಮಾರಾಟಕ್ಕೆಂದೇ 315 ಕೋಣೆಗಳ ಪೀಸ್ ಹಾಲ್ ಕಟ್ಟಿಸಿದರು. ಅದು ಈಗಲೂ ನಿಂತಿದೆ.

ನನ್ನ ತಕರಾರು ಇರುವುದು ಇಲ್ಲೇ. ವಿಲ್ಟ್‌ಷೈರಿನ ನೇಕಾರನದೂ ಹಳ್ಳಿಮನೆ, ಯಾರ್ಕ್‌ಷೈರಿನವನದೂ ಹಳ್ಳಿಮನೆ. ಇಬ್ಬರದೂ ಕೈಮಗ್ಗ. ಇಬ್ಬರ ಮನೆಯಲ್ಲೂ ಹೆಂಡತಿ ಮಕ್ಕಳು ಜೊತೆಗೆ ದುಡಿಯುತ್ತಾರೆ. ‘ಗುಡಿ ಕೈಗಾರಿಕೆ’ ಇಬ್ಬರಿಗೂ ಒಪ್ಪುತ್ತದೆ. ಆದರೆ ಒಬ್ಬ ಮಾರುವವನು, ಇನ್ನೊಬ್ಬ ಕೂಲಿಯವನು. ಪಾಠದ ಅರ್ಧ ವಾದ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಎರಡಕ್ಕೂ ಒಂದೇ ಪದ ಹಾಕಿದರೆ ವಾದವೇ ಕಣ್ಮರೆ.

ಜರ್ಮನರು ಇದನ್ನು ಎರಡು ಪದಗಳಲ್ಲಿ ಚೊಕ್ಕಟವಾಗಿ ಬಿಡಿಸಿಟ್ಟಿದ್ದಾರೆ. ಯಾರ್ಕ್‌ಷೈರಿನ ಬಗೆಗೆ ‘ಕೌಫ್‌ಜಿಸ್ಟೇಮ್’. ಕೌಫ್ ಎಂದರೆ ಕೊಳ್ಳುವಿಕೆ, ವ್ಯಾಪಾರಿ ಬಂದು ಕೊಳ್ಳುತ್ತಾನೆ ಅಷ್ಟೇ. ವಿಲ್ಟ್‌ಷೈರಿನ ಬಗೆಗೆ ‘ಫೆರ್‌ಲಾಗ್’, ಅದನ್ನು ನಡೆಸುವವನು ‘ಫೆರ್‌ಲೇಗರ್’. ಮೂಲದಲ್ಲಿ ಇದಕ್ಕೆ ಮೊದಲೇ ಹಣ ಹಾಕುವುದು, ಇನ್ನೊಬ್ಬರ ಪರವಾಗಿ ಖರ್ಚು ವಹಿಸುವುದು ಅಂತ ಅರ್ಥ. ಇವತ್ತು ಜರ್ಮನ್ ಭಾಷೆಯಲ್ಲಿ ಫೆರ್‌ಲಾಗ್ ಅಂದರೆ ಪುಸ್ತಕ ಪ್ರಕಾಶನ ಸಂಸ್ಥೆ! ಅಚ್ಚಿನ ಕಾಗದ, ಕೂಲಿ ಎಲ್ಲಕ್ಕೂ ಮೊದಲೇ ದುಡ್ಡು ಹಾಕುವವನು ಅನ್ನುವ ಅರ್ಥ ಪುಸ್ತಕದ ಲೋಕದಲ್ಲಿ ಉಳಿದುಕೊಂಡಿತು, ಬಟ್ಟೆಯ ಲೋಕದಲ್ಲಿ ಪದ್ಧತಿಯೇ ಹೋಯಿತು. ನಮ್ಮ ಸಿನಿಮಾದವರು ಇದನ್ನು ಬೇಗ ಹಿಡಿದಾರು. ‘ನಿರ್ಮಾಪಕ’ ಅಂದರೆ ಮಾಡುವವನು ಅಂತ ಪದ ಹೇಳುತ್ತದೆ, ಜನ ಮಾತ್ರ ‘ದುಡ್ಡು ಹಾಕಿರೋರು’ ಅನ್ನುತ್ತಾರೆ.

ಮಾಡುವವನ ಹೆಸರು ಮಾಡಿಸುವವನಿಗೆ ಹೋಗುವುದು ಯುರೋಪಿನಲ್ಲೂ ಆಗಿದೆ. ಫ್ರೆಂಚರು ಇಂಥ ವ್ಯಾಪಾರಿಯನ್ನು ‘ಮಾರ್ಶಾಂ ಫಾಬ್ರಿಕಾಂ’ ಅಂದರು, ಅಂದರೆ ವ್ಯಾಪಾರಿಯೂ ಹೌದು ತಯಾರಕನೂ ಹೌದು. ಅವನು ತನ್ನ ಕೈಯಿಂದ ಒಂದು ಎಳೆಯನ್ನೂ ತಯಾರಿಸಿಲ್ಲ. ಇಂಗ್ಲಿಷಿನ ‘ಮ್ಯಾನುಫ್ಯಾಕ್ಚರರ್’ ಕೂಡ ಮೊದಮೊದಲು ಕೈಯಾರೆ ಮಾಡುವ ಕೆಲಸಗಾರನಿಗೆ ಸಲ್ಲುತ್ತಿತ್ತು, ಆಮೇಲೆ ಮಾಲೀಕನ ಪಾಲಾಯಿತು. ‘ಸ್ಪಿನ್‌ಸ್ಟರ್’ ಕಥೆ ಎಲ್ಲರಿಗೂ ಗೊತ್ತಿರಬಹುದು. ನೂಲುವವಳು ಅನ್ನುವ ಪದ ಮದುವೆಯಾಗದವಳು ಅಂತಾಯಿತು.

ಹಳ್ಳಿಗೆ ಯಾಕೆ ಹೋದರು ಅನ್ನುವುದನ್ನು ಎರಡು ಮಾತಲ್ಲಿ ಹೇಳುತ್ತೇನೆ, ಪದ ಆರಿಸಲು ಅದೂ ಬೇಕಾಗುತ್ತದೆ. ಪಟ್ಟಣಗಳಲ್ಲಿ ಕಸುಬುದಾರರ ಸಂಘಗಳಿದ್ದವು. ಎಷ್ಟು ಮಗ್ಗ, ಎಷ್ಟು ಕೂಲಿ, ಯಾರು ನೇಯಬಹುದು ಅಂತ ಅವೇ ಕಟ್ಟು ಮಾಡುತ್ತಿದ್ದವು. ಹಳ್ಳಿಗಳಲ್ಲಿ ಆ ಹಿಡಿತ ಕಮ್ಮಿ. ಗುಡ್ಡಗಾಡಿನಲ್ಲಿ, ಮರಳು ನೆಲದಲ್ಲಿ, ಪಾಲಾಗಿ ಪಾಲಾಗಿ ಚೂರಾದ ಹಿಡುವಳಿಗಳಲ್ಲಿ ಬರೀ ಬೇಸಾಯದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಚಳಿಗಾಲವಿಡೀ ಕೈ ಖಾಲಿ. ಅಲ್ಪಸ್ವಲ್ಪ ನೆಲ ಇದ್ದವರು ಕಡಿಮೆ ಕೂಲಿಗೂ ಒಪ್ಪುತ್ತಿದ್ದರು. ವ್ಯಾಪಾರಿಗೆ ಇನ್ನೇನು ಬೇಕು? ಸರ್ಕಾರಗಳು ಒಮ್ಮೆ ತಡೆದವು, ಒಮ್ಮೆ ಬಿಟ್ಟವು. ಇಂಗ್ಲೆಂಡಿನ 1555ರ ಕಾಯಿದೆ ಪಟ್ಟಣದ ಹೊರಗಿನ ಕ್ಲೋದಿಯರ್ ಒಂದಕ್ಕಿಂತ ಜಾಸ್ತಿ ಮಗ್ಗ ಇಡಬಾರದು, ನೇಕಾರ ಎರಡಕ್ಕಿಂತ ಜಾಸ್ತಿ ಇಡಬಾರದು ಅಂದಿತು. ಫ್ರಾನ್ಸಿನಲ್ಲಿ 1762ರ ಆಜ್ಞೆ ಹಳ್ಳಿಯವರು ಸಂಘಕ್ಕೆ ಸೇರದೆಯೂ ನೇಯಬಹುದು ಅಂತ ದಾರಿ ತೆರೆಯಿತು.

ಬಟ್ಟೆಯಷ್ಟೇ ಅಂತ ತಿಳಿಯಬೇಡಿ. ಜರ್ಮನಿಯ ಝೋಲಿಂಗೆನ್ ಊರಿನ ಚೂರಿ ಕತ್ತಿಗಳು, ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳ ಗಡಿಯಾರದ ಬಿಡಿಭಾಗಗಳು, ಲೇಸು, ಕಾಲುಚೀಲ, ಮೊಳೆ ಎಲ್ಲವೂ ಹೀಗೆ ಮನೆಮನೆಯಲ್ಲಿ ತಯಾರಾದವು. ಹಾಗಾಗಿ ‘ಕೂಲಿ ನೇಯ್ಗೆ’ ಅಂತ ಅನುವಾದ ಮಾಡಿ ಕೈತೊಳೆದುಕೊಳ್ಳುವಂತಿಲ್ಲ.

ಒಡೆತನ ಅಂದೆನಲ್ಲ, ಅದರಲ್ಲೂ ಮೆಟ್ಟಿಲುಗಳಿವೆ. ಪಾಠ ತಿದ್ದುವಾಗ ನನಗೆ ಹೆಚ್ಚು ತಲೆನೋವು ತಂದದ್ದು ಇದು.

ಉತ್ತರ ಜರ್ಮನಿಯ ಓಸ್ನಾಬ್ರುಕ್ ಸೀಮೆ ಮೇಲಿನ ಮೆಟ್ಟಿಲು. ಅಲ್ಲಿ ಸ್ವಂತ ನೆಲವಿಲ್ಲದ ಒಕ್ಕಲುಗಳು ಗುತ್ತಿಗೆ ಹಿಡಿದ ಚೂರುಪಾರು ಜಾಗದಲ್ಲಿ ಅಗಸೆ ಬೆಳೆದು, ನಾರು ತೆಗೆದು, ನೂಲಿ, ನೇಯ್ದು ಪಟ್ಟಣಕ್ಕೆ ತರುತ್ತಿದ್ದರು. ಪಟ್ಟಣದಲ್ಲಿ ‘ಲೆಗ್ಗೆ’ ಎಂಬ ಕಟ್ಟೆ ಇತ್ತು. ಬಟ್ಟೆಯನ್ನು ಅಲ್ಲಿ ಹರಡಿ, ಅಳೆದು, ಗುಣ ನೋಡಿ ಮುದ್ರೆ ಒತ್ತುತ್ತಿದ್ದರು. ಆಮೇಲಷ್ಟೇ ವ್ಯಾಪಾರಿ ಕೊಳ್ಳಬೇಕು. ಈ ಒರಟು ಬಟ್ಟೆ ಅಟ್ಲಾಂಟಿಕ್ ದಾಟಿ ಅಮೆರಿಕದ ತೋಟಗಳಿಗೆ ಹೋಯಿತು, ಗುಲಾಮರ ಮೈಮೇಲಿನ ಬಟ್ಟೆಯಾಯಿತು. ಇಂಗ್ಲಿಷಿನಲ್ಲಿ ಒರಟು ಬಟ್ಟೆಗೆ ‘ಆಸ್ನಬರ್ಗ್’ ಅನ್ನುವ ಹೆಸರು ಬಂದದ್ದು ಆ ಊರಿನಿಂದ. ಸ್ಕಾಟ್ಲೆಂಡಿನವರು ಅದರ ನಕಲು ನೇಯ್ದು ಅದೇ ಹೆಸರಲ್ಲಿ ಮಾರಿದರು.

ದಕ್ಷಿಣ ಜರ್ಮನಿಯಲ್ಲಿ ‘ಕಪ್ಪು ಕಾಡು’ ಎಂಬ ಬೆಟ್ಟಸೀಮೆಯ ಅಂಚಿನ ಕಾಲ್ವ್ ಎಂಬ ಸಣ್ಣ ಊರಿನದು ಬೇರೆಯೇ ಕಥೆ. 1650ರಲ್ಲಿ ಅಲ್ಲಿನ ವ್ಯಾಪಾರಿಗಳು ಮತ್ತು ಬಣ್ಣಗಾರರು ಒಂದು ಕಂಪನಿ ಕಟ್ಟಿ ವುರ್ಟೆಂಬರ್ಗ್ ದೊರೆಯಿಂದ ಹಕ್ಕುಪತ್ರ ಪಡೆದರು. ಸುತ್ತಲಿನ ನೇಕಾರರು ಉಣ್ಣೆಯನ್ನು ತಾವೇ ಕೊಳ್ಳುತ್ತಿದ್ದರು, ಮಗ್ಗವೂ ಅವರದೇ, ಅವರಿಗೆ ತಮ್ಮದೇ ಸಂಘವೂ ಇತ್ತು. ಆದರೆ ನೇಯ್ದದ್ದನ್ನು ಆ ಕಂಪನಿಗೇ ಮಾರಬೇಕು, ಕಟ್ಟಿದ ಬೆಲೆಗೇ ಮಾರಬೇಕು. 1797ರಲ್ಲಿ ಕಂಪನಿ ಮುಚ್ಚುವ ತನಕ ಸುಮಾರು ಒಂದೂವರೆ ಶತಮಾನ ಹೀಗೇ ನಡೆಯಿತು. ಲೆಕ್ಕದಲ್ಲಿ ಇದು ಕೌಫ್‌ಜಿಸ್ಟೇಮ್. ಬಾಳಿನಲ್ಲಿ ಅಷ್ಟೇನೂ ಬಿಡುಗಡೆ ಇಲ್ಲ. ಅಂದರೆ ‘ಉಣ್ಣೆ ಯಾರದು’ ಅಂತ ಕೇಳಿದರೆ ಮುಗಿಯಲಿಲ್ಲ, ‘ಬಟ್ಟೆ ಯಾರಿಗೆ ಮಾರಬಹುದು’ ಅಂತಲೂ ಕೇಳಬೇಕು. ಸಾಲ ಬಂದರಂತೂ ಎರಡೂ ಕಲಸಿಹೋಗುತ್ತವೆ. ಒಂದು ವರ್ಷ ಬೆಳೆ ಕೆಟ್ಟಿತು, ಉಣ್ಣೆಗೆ ಕಾಸಿಲ್ಲ, ವ್ಯಾಪಾರಿ ಸಾಲಕ್ಕೆ ಕೊಟ್ಟ. ಮುಂದಿನ ವರ್ಷದಿಂದ ಆ ನೇಕಾರ ಬೇರೆಯವರ ಕಡೆ ತಲೆ ಹಾಕುವಂತಿಲ್ಲ.

ಕೆಳಗಿನ ಮೆಟ್ಟಿಲಿನಲ್ಲಿ ಉಪಕರಣವೂ ಸಾಹುಕಾರನದೇ. ನಾಟಿಂಗ್‌ಹ್ಯಾಮ್, ಲೆಸ್ಟರ್ ಕಡೆ ಕಾಲುಚೀಲ ಹೆಣೆಯುವ ಯಂತ್ರ ಇತ್ತು. ವಿಲಿಯಂ ಲೀ ಅದನ್ನು 1589ರಲ್ಲಿ ಕಂಡುಹಿಡಿದ. ಯಂತ್ರ ದುಬಾರಿ, ಹೆಣೆಯುವವನಿಗೆ ಕೊಳ್ಳಲಾಗದು. ವ್ಯಾಪಾರಿ ಯಂತ್ರವನ್ನು ಬಾಡಿಗೆಗೆ ಕೊಟ್ಟು, ನೂಲನ್ನೂ ಕೊಟ್ಟು, ಕೂಲಿಯಲ್ಲಿ ಬಾಡಿಗೆ ಮುರಿದುಕೊಳ್ಳುತ್ತಿದ್ದ. ಕೆಲಸ ಕಡಿಮೆ ಇದ್ದ ವಾರವೂ ಬಾಡಿಗೆ ತಪ್ಪದು. ಯಂತ್ರಕ್ಕೆ ಹಾಕಿದ ದುಡ್ಡಿಗೆ ಬಾಡಿಗೆಯೇ ಒಳ್ಳೆ ಲಾಭ ತರುತ್ತಿದ್ದುದರಿಂದ, ಇದ್ದ ಕೆಲಸವನ್ನೇ ಜಾಸ್ತಿ ಯಂತ್ರಗಳಿಗೆ ಚೂರುಚೂರು ಹಂಚುವ ಆಸೆಯೂ ಹುಟ್ಟಿತು. ಈ ಬಾಡಿಗೆ ಮುರಿತವನ್ನು ಕಾನೂನು ನಿಲ್ಲಿಸಿದ್ದು 1874ರಲ್ಲಿ. ಇದು ಹೊಸ ಜಾಣತನವೇನಲ್ಲ. ಮೇಲೆ ಹೇಳಿದ 1555ರ ಕಾಯಿದೆಯ ಪೀಠಿಕೆಯಲ್ಲೇ ಶ್ರೀಮಂತರು ಮಗ್ಗಗಳನ್ನು ವಿಪರೀತ ಬಾಡಿಗೆಗೆ ಬಿಡುತ್ತಾರೆ ಎಂಬ ದೂರು ಇದೆ.

ಇನ್ನು ನಡುವಿನವನ ವಿಷಯ. ವ್ಯಾಪಾರಿ ಪಟ್ಟಣದಲ್ಲಿ, ಕೆಲಸ ಹತ್ತಾರು ಹಳ್ಳಿಯಲ್ಲಿ. ಸರಕು ಹೊತ್ತು ತಿರುಗಲು ಒಬ್ಬ ಬೇಕೇ ಬೇಕು. ಸ್ವಿಟ್ಜರ್ಲೆಂಡಿನಲ್ಲಿ ಅವನು ‘ಫೆರ್ಗರ್’. ಇಂಗ್ಲೆಂಡಿನ ಡಡ್ಲಿ ಸುತ್ತಲಿನ ಮೊಳೆಗಾರರ ಊರುಗಳಲ್ಲಿ ‘ಫಾಗರ್’. ಮೊಳೆಗಾರರ ಮನೆಯ ಹಿತ್ತಲಲ್ಲಿ ಪುಟ್ಟ ಕುಲುಮೆ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಬಡಿಯುವವರೇ. ಕಬ್ಬಿಣದ ಸರಳು ತೂಕ ಹಾಕಿ ಕೊಡುವುದು, ವಾರದ ಕೊನೆಗೆ ಮೊಳೆ ತೂಕ ಹಾಕಿ ತಗೊಳ್ಳುವುದು. ಫಾಗರ್ ಬಗ್ಗೆ ಒಳ್ಳೆಯ ಮಾತು ಹೇಳಿದವರು ಕಡಿಮೆ. ಕೂಲಿಯನ್ನು ಹಣದಲ್ಲಿ ಕೊಡದೆ ತನ್ನದೇ ಅಂಗಡಿಯ ದಿನಸಿಯಲ್ಲಿ ಕೊಡುವುದು, ಅದಕ್ಕೆ ಬೆಲೆ ಏರಿಸುವುದು ಅವನ ಹಳೇ ವರಸೆ. ಇದಕ್ಕೆ ‘ಟ್ರಕ್’ ಅನ್ನುತ್ತಿದ್ದರು, ಲಾರಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ತಡೆಯಲು 1831ರಲ್ಲಿ ಒಂದು ದೊಡ್ಡ ಕಾಯಿದೆ ಬಂತು.

ಆದರೆ ನಡುವಿನವರೆಲ್ಲ ಕೊಬ್ಬಿದವರೂ ಅಲ್ಲ. ಸ್ವಿಟ್ಜರ್ಲೆಂಡಿನ ಟೋಗನ್‌ಬುರ್ಗ್ ಕಣಿವೆಯ ಉಲ್ರಿಚ್ ಬ್ರೇಕರ್ ಬಡ ರೈತನ ಮಗ. ಪ್ರಷ್ಯಾದ ಸೈನ್ಯಕ್ಕೆ ಸಿಕ್ಕಿಬಿದ್ದು, 1756ರಲ್ಲಿ ಲೊಬೊಸಿಟ್ಸ್ ಕಾಳಗದ ನಡುವೆ ತಪ್ಪಿಸಿಕೊಂಡು ಊರಿಗೆ ಬಂದ. ಸಾಲ ಮಾಡಿ ಹತ್ತಿ ನೂಲಿನ ವ್ಯಾಪಾರಕ್ಕೆ ಇಳಿದ. 1770–71ರ ಬರದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡ. ಸಾಲ ಕೊಟ್ಟವರ ಭಯದಲ್ಲೇ ಬದುಕು ಸವೆಸಿದ. 1789ರಲ್ಲಿ ಅಚ್ಚಾದ ಅವನ ಆತ್ಮಕಥೆಯಲ್ಲಿ ಇದೆಲ್ಲ ಇದೆ. ಇಂಥವನಿಗೂ ಡಡ್ಲಿಯ ಫಾಗರ್‌ಗೂ ಒಂದೇ ಕನ್ನಡ ಪದ ಹಾಕಲು ನನಗೆ ಮನಸ್ಸಾಗುತ್ತಿಲ್ಲ.

ಸರಕು ಬೇರೆಯವರದ್ದಾದ ಮೇಲೆ ಕಳ್ಳತನದ ಮಾತೂ ಬರುತ್ತದೆ. ನೂಲುವವರು ಉಣ್ಣೆ ಸ್ವಲ್ಪ ಉಳಿಸಿಕೊಂಡು ತೂಕಕ್ಕೆ ನೂಲನ್ನು ಒದ್ದೆ ಮಾಡುತ್ತಾರೆ, ಲಡಿಯಲ್ಲಿ ಸುತ್ತು ಕಡಿಮೆ ಹಾಕುತ್ತಾರೆ ಅನ್ನುವುದು ವ್ಯಾಪಾರಿಗಳ ನಿತ್ಯದ ಗೋಳು. ಇಂಗ್ಲೆಂಡಿನಲ್ಲಿ 1777ರ ಒಂದು ಕಾಯಿದೆ ಯಾರ್ಕ್‌ಷೈರ್, ಲ್ಯಾಂಕಾಷೈರ್, ಚೆಷೈರ್‌ಗಳ ವರ್ಸ್ಟೆಡ್ ಎಂಬ ನಯ ಉಣ್ಣೆ ಬಟ್ಟೆಯ ಮಾಲೀಕರಿಗೆ (ಈ ಬಟ್ಟೆಯನ್ನು ಯಾರ್ಕ್‌ಷೈರಿನಲ್ಲೂ ಸಾಹುಕಾರರೇ ಉಣ್ಣೆ ಕೊಟ್ಟು ಮಾಡಿಸುತ್ತಿದ್ದರು) ಸಮಿತಿ ಮಾಡಿಕೊಳ್ಳುವ, ತಪಾಸಣೆಗಾರರನ್ನು ನೇಮಿಸುವ ಅಧಿಕಾರ ಕೊಟ್ಟಿತು. ಅವರು ಹಳ್ಳಿ ಹಳ್ಳಿ ಸುತ್ತಿ ಲಡಿ ಎಣಿಸಿ ಕೇಸು ಹಾಕಿಸುತ್ತಿದ್ದರು. ಸಿಕ್ಕಿಬೀಳುತ್ತಿದ್ದವರಲ್ಲಿ ನೂಲುವ ಹೆಂಗಸರೇ ಜಾಸ್ತಿ. ನೇಕಾರರ ವಾದ ಬೇರೆ ಇತ್ತು. ಮಗ್ಗದಿಂದ ಬಟ್ಟೆ ಕತ್ತರಿಸಿದ ಮೇಲೆ ಹಾಸಿನ, ಅಂದರೆ ಉದ್ದ ಎಳೆಗಳ, ತುದಿಯಲ್ಲಿ ಗೇಣುದ್ದದ ನೂಲು ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಥ್ರಮ್ಸ್’. ಅದು ತಮ್ಮ ಹಕ್ಕು, ಅಪ್ಪನ ಕಾಲದಿಂದ ಬಂದದ್ದು ಅನ್ನುತ್ತಿದ್ದರು. ಸಾಹುಕಾರ ಅದನ್ನೂ ಕದ್ದ ಮಾಲು ಅನ್ನುತ್ತಿದ್ದ. ಯಾರ್ಕ್‌ಷೈರಿನ ಸಂತೆಗೆ ಸ್ವಂತ ಬಟ್ಟೆ ಹೊರುವವನಿಗೆ ಈ ಜಗಳವೇ ಇಲ್ಲ. ತನ್ನ ನೂಲನ್ನು ತಾನೇ ಕದಿಯುವುದು ಹೇಗೆ?

ಈಗ ಕನ್ನಡಕ್ಕೆ ಬರೋಣ.

‘ಹೊರಗುತ್ತಿಗೆ’ ಅನ್ನಬಹುದೇ ಅಂತ ಒಬ್ಬ ಸ್ನೇಹಿತರು ಕೇಳಿದರು. ಪದದ ಮೈಕಟ್ಟು ‘ಪುಟ್ಟಿಂಗ್ ಔಟ್’ಗೆ ಹತ್ತಿರವೇ. ಆದರೆ ಅದು ಈಗ ಆಸ್ಪತ್ರೆ, ಪಾಲಿಕೆ, ಕಾಲೇಜುಗಳಲ್ಲಿ ಏಜೆನ್ಸಿ ಮೂಲಕ ದುಡಿಯುವವರ ಪದವಾಗಿದೆ. ಗ್ಲಾಸ್ಟರ್‌ಷೈರಿನ ನೂಲುವವಳನ್ನು ‘ಹೊರಗುತ್ತಿಗೆ ನೌಕರಳು’ ಅಂದರೆ ಓದುಗ ನಕ್ಕಾನು.

‘ದಾದನಿ’ ಇದೆ. ಪಾರಸಿಯ ‘ದಾದನ್’, ಅಂದರೆ ಕೊಡುವುದು, ಅದರಿಂದ ಬಂದದ್ದು. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ದಾದನಿ ವ್ಯಾಪಾರಿಗಳ ಮೂಲಕ ನೇಕಾರರಿಗೆ ಮುಂಗಡ ಕೊಡಿಸುತ್ತಿತ್ತು. 1753ರಲ್ಲಿ ಅವರನ್ನು ಬಿಟ್ಟು ತನ್ನದೇ ಗುಮಾಸ್ತರನ್ನು ಇಳಿಸಿತು. ಆ ಗುಮಾಸ್ತರ ದರ್ಪ ನೋಡಿದರೆ ಕನ್ನಡದ ಬಡಪಾಯಿ ಗುಮಾಸ್ತ ಇದೇ ಪದದವನು ಅಂತ ನಂಬುವುದು ಕಷ್ಟ. ಆದರೆ ದಾದನಿ ಅಂದರೆ ಮುಂಗಡ ಹಣ. ನೇಕಾರ ಆ ಹಣದಲ್ಲಿ ನೂಲು ತಾನೇ ಕೊಳ್ಳುತ್ತಿದ್ದ. ಫೆರ್‌ಲಾಗ್‌ನಲ್ಲಿ ಬರುವುದು ಸರಕು. ಹಾಗಾಗಿ ಎರಡನ್ನೂ ಬೆರೆಸುವುದು ಬೇಡ.

‘ಮಜೂರಿ’ ನನಗೆ ಇಷ್ಟ. ಅಕ್ಕಸಾಲಿಗರ ಹತ್ತಿರ ‘ಮಜೂರಿ ಎಷ್ಟು?’ ಅಂದಾಗ ಚಿನ್ನದ ಬೆಲೆ ಬೇರೆ, ಕೈಕೆಲಸದ ಬೆಲೆ ಬೇರೆ ಅನ್ನುವುದು ಆ ಪದದೊಳಗೇ ಇದೆ. ಮಾಲು ಇನ್ನೊಬ್ಬರದು ಎಂಬ ಸೂಚನೆಯೂ ಸಿಗುತ್ತದೆ. ಆದರೆ ಇದು ಉತ್ತರ ಕರ್ನಾಟಕದ ಕಿವಿಗೆ ಕೇಳಿಸುವಷ್ಟು ಹಳೇ ಮೈಸೂರಿನ ಕಿವಿಗೆ ಕೇಳಿಸುತ್ತದೆಯೇ ಅನ್ನುವ ಅನುಮಾನ. ಮತ್ತೆ, ಮಜೂರಿ ಎಂಬುದು ಕೊಡುವ ಹಣದ ಹೆಸರು, ಇಡೀ ವ್ಯವಸ್ಥೆಯದ್ದಲ್ಲ.

ಕರಾವಳಿಯವರಿಗೆ ಇದನ್ನೆಲ್ಲ ಓದುವಾಗ ಬೀಡಿ ನೆನಪಾಗಿರಲೇಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆ ಹೆಂಗಸರು ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಎಲೆ, ಹೊಗೆಸೊಪ್ಪು, ನೂಲು ಕಂಪನಿಯದು, ಬರುವುದು ಕಂಟ್ರಾಕ್ಟರ್ ಮೂಲಕ. ಕಟ್ಟಿದ್ದನ್ನು ಬ್ರಾಂಚಿಗೆ ಕೊಡಬೇಕು. ಸಾವಿರದ ಲೆಕ್ಕದಲ್ಲಿ ಕೂಲಿ. ಸರಿಯಿಲ್ಲದ ಬೀಡಿಯನ್ನು ಅಲ್ಲೇ ತೆಗೆದುಬಿಡುತ್ತಾರೆ. ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ಹಾಕಿ ತರಬೇಕು. ಇದು ಫೆರ್‌ಲಾಗ್ ಅಲ್ಲದೆ ಮತ್ತೇನು? 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಅಂತ ಬಾಯಿಬಿಟ್ಟು ಹೇಳಬೇಕಾಯಿತು. ಇಷ್ಟಾದರೂ ಈ ಏರ್ಪಾಟಿಗೆ ಒಂದು ಹೆಸರು ಅಂತ ನಾನು ಕೇಳಿಲ್ಲ. ಅವರು ಹೇಳುವುದು ಬರೀ ‘ಬೀಡಿ ಕಟ್ತೇವೆ’.

ಆದರೆ ಆ ಕ್ರಿಯಾಪದದಲ್ಲೇ ನನಗೆ ದಾರಿ ಕಂಡಿತು. ಅವರು ಕಟ್ಟುತ್ತಾರೆ, ಕಂಪನಿ ಕಟ್ಟಿಸುತ್ತದೆ. ಇಂಗ್ಲಿಷಿನವರು ‘ಹೊರಗೆ ಹಾಕುವುದು’ ಅಂತ ಸುತ್ತಿ ಬಳಸಿ ಹೇಳಿದ್ದನ್ನು ಕನ್ನಡ ಒಂದು ‘ಇಸು’ ಹಚ್ಚಿ ಹೇಳುತ್ತದೆ. ನೂಲು, ನೂಲಿಸು. ನೇಯು, ನೇಯಿಸು. ಮಾಡು, ಮಾಡಿಸು. ‘ಮಾರ್ಶಾಂ ಫಾಬ್ರಿಕಾಂ’ ಅನ್ನುವ ಗೋಜಲು ನಮಗಿಲ್ಲ, ಅವನು ‘ನೇಯಿಸುವ ವ್ಯಾಪಾರಿ’. ಒಂದೇ ಕೊರತೆ. ಕಾರ್ಖಾನೆಯ ಮಾಲೀಕನೂ ತನ್ನ ಶೆಡ್ಡಿನೊಳಗೆ ಆಳು ಕೂರಿಸಿ ನೇಯಿಸುತ್ತಾನೆ. ಆದ್ದರಿಂದ ಮುಂದೆ ‘ಕೊಟ್ಟು’ ಸೇರಿಸಬೇಕು. ‘ಕೊಟ್ಟು ಮಾಡಿಸುವ ಪದ್ಧತಿ’. ಅದರ ಎದುರಿಗೆ ಕೌಫ್‌ಜಿಸ್ಟೇಮ್‌ಗೆ ‘ಮಾಡಿ ಮಾರುವ ಪದ್ಧತಿ’. ವಿಲ್ಟ್‌ಷೈರಿನಲ್ಲಿ ಕೊಟ್ಟು ಮಾಡಿಸುತ್ತಾರೆ, ಯಾರ್ಕ್‌ಷೈರಿನಲ್ಲಿ ಮಾಡಿ ಮಾರುತ್ತಾರೆ. ಕಾಲ್ವ್‌ನಲ್ಲಿ ಮಾಡಿ ಮಾರುತ್ತಾರೆ, ಆದರೆ ಒಬ್ಬನಿಗೇ ಮಾರಬೇಕು. ಹೀಗೆ ಬರೆದರೆ ವಿದ್ಯಾರ್ಥಿಗೆ ಟಿಪ್ಪಣಿ ಬೇಕಾಗುವುದಿಲ್ಲ ಅಂತ ನನ್ನ ಎಣಿಕೆ. ಪಾಠದ ಭಾಷೆಗೆ ಇದು ತೀರಾ ಬೀದಿಮಾತಾಯಿತು ಅನ್ನುವವರು ಇರಬಹುದು. ಇರಲಿ. ‘ಕಚ್ಚಾವಸ್ತು ವಿತರಣಾಧಾರಿತ ಉತ್ಪಾದನಾ ವ್ಯವಸ್ಥೆ’ ಅಂತ ಬರೆಯಲು ನನ್ನ ಕೈ ಏಳುವುದಿಲ್ಲ.

ಇನ್ನೊಂದು ಪದದ ಬಗ್ಗೆಯೂ ಕೇಳಿಬಿಡುತ್ತೇನೆ. ಇತಿಹಾಸಕಾರ ಫ್ರಾಂಕ್ಲಿನ್ ಮೆಂಡೆಲ್ಸ್ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಲಿನನ್ ಹಳ್ಳಿಗಳನ್ನು ನೋಡಿ 1972ರಲ್ಲಿ ‘ಪ್ರೋಟೊ ಇಂಡಸ್ಟ್ರಿಯಲೈಸೇಶನ್’ ಎಂಬ ಮಾತನ್ನು ಚಾಲ್ತಿಗೆ ತಂದರು. ದೂರದ ಪೇಟೆಗಾಗಿ ಹಳ್ಳಿಗಳಲ್ಲಿ ನಡೆದ ಈ ತಯಾರಿಕೆ ಕೈಗಾರಿಕಾ ಯುಗದ ಮೊದಲ ಹಂತ ಅಂತ ಅವರ ವಾದ. ‘ಪೂರ್ವ ಕೈಗಾರಿಕೀಕರಣ’ ಅಂದರೆ ಕೈಗಾರಿಕೀಕರಣಕ್ಕೆ ಮುಂಚಿನದು ಅಂತಷ್ಟೇ ಆಗುತ್ತದೆ, ಹಂತ ಅನ್ನುವ ಅರ್ಥ ಹೋಗುತ್ತದೆ. ‘ಮೊಳಕೆ ಕೈಗಾರಿಕೀಕರಣ’ ಚೆಂದವಿದೆ. ಆದರೆ ಮೊಳಕೆ ಗಿಡವಾಗುತ್ತದೆ ಅಂತ ಪದವೇ 
ಮಾತು ಕೊಟ್ಟುಬಿಡುತ್ತದೆ. ಲ್ಯಾಂಕಾಷೈರ್‌ನಲ್ಲಿ ಗಿಡವಾಯಿತು ನಿಜ. ವಿಲ್ಟ್‌ಷೈರ್ ಹಿಂದೆ ಬಿತ್ತು. ಆಗ ಪ್ರಷ್ಯಾಕ್ಕೆ ಸೇರಿದ್ದ ಸೈಲೀಸಿಯಾದ ನೇಕಾರರು ಜಮೀನ್ದಾರನಿಗೆ ಮಗ್ಗದ ತೆರಿಗೆಯನ್ನೂ ಕಟ್ಟುತ್ತಾ ಇನ್ನಷ್ಟು ಬಡವಾಗಿ, 1844ರಲ್ಲಿ ವ್ಯಾಪಾರಿಗಳ ಮನೆಗಳ ಮೇಲೆ ಬಿದ್ದರು. ಮೆಂಡೆಲ್ಸ್ ಅವರನ್ನು ಒಪ್ಪದವರ ಮುಖ್ಯ ಆಕ್ಷೇಪವೇ ಇದು, ಮೊದಲ ಹಂತ ಅಂದರೆ ಎರಡನೆಯದು ಎಲ್ಲಿ ಅಂತ. ವಾದ ಇನ್ನೂ ನಡೆಯುತ್ತಿರುವಾಗ ಅನುವಾದಕ ಒಂದು ಕಡೆ ವಾಲುವ ಪದ ಹಾಕಬಾರದಲ್ಲ. ಸದ್ಯಕ್ಕೆ ‘ಪ್ರೋಟೊ ಕೈಗಾರಿಕೀಕರಣ’ ಅಂತಲೇ ಇಟ್ಟಿದ್ದೇನೆ, ಒಳ್ಳೆಯದು ಸಿಕ್ಕರೆ ಬದಲಿಸುತ್ತೇನೆ.

ಬಲ್ಲವರಿಂದ ನನಗೆ ಬೇಕಾದದ್ದು ಇಷ್ಟು. ‘ಕೊಟ್ಟು ಮಾಡಿಸುವ’, ‘ಮಾಡಿ ಮಾರುವ’ ಜೋಡಿ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಇಳಕಲ್, ಗುಳೇದಗುಡ್ಡ, ರಬಕವಿ–ಬನಹಟ್ಟಿ ಕಡೆಯವರು ಯಾರಾದರೂ ಇದ್ದರೆ, ಸಾಹುಕಾರರ ನೂಲು ತಂದು ನೇಯುವವರಿಗೂ ಸ್ವಂತ ನೂಲಿನಲ್ಲಿ ನೇಯುವವರಿಗೂ ಮನೆಮಾತಿನಲ್ಲಿ ಬೇರೆ ಬೇರೆ ಹೆಸರು ಇವೆಯೇ? ‘ಕೂಲಿ ನೇಕಾರ’ ಪತ್ರಿಕೆಗಳಲ್ಲಿ ಓದಿದ್ದೇನೆ, ಅದಕ್ಕಿಂತ ಒಳಗಿನ ಪದ ಬೇಕು. ಬೀಡಿ, ಊದುಬತ್ತಿ ಕೆಲಸ ಬಲ್ಲವರು, ಎಲೆಯನ್ನೋ ಕಡ್ಡಿಯನ್ನೋ ಮನೆಗೆ ತಂದುಕೊಡುವವನನ್ನು ‘ಕಂಟ್ರಾಕ್ಟರ್’, ‘ಏಜೆಂಟ್’ ಬಿಟ್ಟು ಬೇರೆ ಏನಾದರೂ ಕರೆಯುತ್ತಿದ್ದರೇ ತಿಳಿಸಿ. ‘ದಲ್ಲಾಳಿ’ ಆಗದು, ಅವನು ಸರಕು ಹೊರುವುದಿಲ್ಲ. ಮತ್ತೆ ಬಟ್ಟೆ ಕೊಯ್ದ ಮೇಲೆ ಹಾಸಿನ ತುದಿಯಲ್ಲಿ ಮಗ್ಗದಲ್ಲೇ ಉಳಿಯುವ ಆ ಗೇಣು ನೂಲಿಗೆ ನಿಮ್ಮ ಕಡೆ ಏನನ್ನುತ್ತೀರಿ, ಅದು ಯಾರ ಪಾಲು?